ಮನೆಯಲ್ಲಿ ಬ್ರಿಟಿಷ್ ಏಲ್ ರುಚಿ ನೋಡಿ ಅಂಕ ಕೊಡುವುದು: ಕಲಿಯುವ ಗೆಳೆಯರಿಗೆ ಟಿಪ್ಪಣಿ

ನಾಲ್ಕೈದು ಗೆಳೆಯರು ಒಬ್ಬರ ಮನೆಯಲ್ಲಿ ಸೇರಿ, ಅಂಗಡಿಯಿಂದ ತಂದ ಏಲ್ ಎಂಬ ಬಗೆಯ ಬಿಯರ್ ಬಾಟಲಿಗಳನ್ನು ಒಂದೊಂದಾಗಿ ತೆರೆದು, ಹಂಚಿಕೊಂಡು ಕುಡಿದು ಅಂಕ ಕೊಡುವ ಅಭ್ಯಾಸ ಬ್ರಿಟನ್ನಿನಲ್ಲಿ ಸಾಕಷ್ಟು ಇದೆ. ಇಲ್ಲಿಗೆ ಬಂದು ನೆಲೆಸಿದ ನಮ್ಮಂಥವರಿಗೆ ಏಲ್ ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ಇನ್ನೊಂದಿಲ್ಲ. ಖರ್ಚು ಕಡಿಮೆ, ಹೋಲಿಸಿ ನೋಡಬಹುದು, ಅನುಮಾನ ಬಂದರೆ ಮತ್ತೊಂದು ಗುಟುಕು ಕುಡಿದು ನೋಡಬಹುದು.

ಆದರೆ ಇದರಲ್ಲಿ ಒಂದು ತೊಡಕಿದೆ. ಒಂದೊಂದು ಗುಟುಕಿಗೆ ಅಂಕ ಹಾಕುತ್ತಾ ಹೋದರೆ ಪ್ರತಿ ಸಲವೂ ಜೋರಾದ ಬಿಯರ್ ಗೆಲ್ಲುತ್ತದೆ. ಆಲ್ಕೋಹಾಲ್ ಜಾಸ್ತಿ, ಸಿಹಿ ಜಾಸ್ತಿ, ಹುರಿದ ವಾಸನೆ ಜಾಸ್ತಿ ಇರುವ ಬಾಟಲಿ ಮೇಲೆ ಕೂರುತ್ತದೆ. ಬ್ರಿಟನ್ನಿನ ನಿಜವಾದ ಹೆಮ್ಮೆ ಆಗಿರುವ ಶೇ 4ರ ಆಸುಪಾಸು ಆಲ್ಕೋಹಾಲ್ ಇರುವ, ಬಿಟರ್ ಎಂಬ ಕಹಿ ಏಲ್ ಪಟ್ಟಿಯ ಕೊನೆಗೆ ಹೋಗುತ್ತದೆ. ಹಾಗಾಗದಂತೆ ಹೇಗೆ ರುಚಿ ನೋಡಬೇಕು, ಹೇಗೆ ಅಂಕ ಕೊಡಬೇಕು ಅನ್ನುವುದಕ್ಕಾಗಿ ಈ ಟಿಪ್ಪಣಿ ಬರೆದಿದ್ದೇನೆ.

ಲಾಗರ್ ನಾಲಿಗೆಯಿಂದ ಏಲ್‌ಗೆ

ನಮ್ಮಲ್ಲಿ ಹೆಚ್ಚಿನವರು ಬಿಯರ್ ಅಂತ ಮೊದಲು ಕುಡಿದದ್ದು ಲಾಗರ್. ಬೆಂಗಳೂರಿನ ಯುನೈಟೆಡ್ ಬ್ರೂವರೀಸ್ ಕಂಪನಿಯನ್ನು 1915ರಲ್ಲಿ ಕಟ್ಟಿದವರು ಥಾಮಸ್ ಲೀಶ್ಮನ್ ಎಂಬ ಸ್ಕಾಟ್ಲೆಂಡಿನವರು. ದಕ್ಷಿಣ ಭಾರತದ ಹಳೆಯ ಕೆಲವು ಬ್ರೂವರಿಗಳನ್ನು ಅವರು ಒಟ್ಟುಗೂಡಿಸಿದರು. ಮೂಲ ಬ್ರಿಟಿಷರದ್ದೇ ಆದರೂ ಈಗ ನಮ್ಮೂರಲ್ಲಿ ಬಿಯರ್ ಅಂದರೆ ಫ್ರಿಜ್‌ನಿಂದ ತೆಗೆದ ಕೂಡಲೇ ಕುಡಿಯುವ ತಣ್ಣನೆಯ, ತಿಳಿ ಹಳದಿ ಲಾಗರ್. ಆ ಅಭ್ಯಾಸದ ನಾಲಿಗೆಗೆ ಏಲ್ ಮೊದಲು ಸಪ್ಪೆ ಅನ್ನಿಸುತ್ತದೆ, ಗ್ಯಾಸ್ ಕಡಿಮೆ ಅನ್ನಿಸುತ್ತದೆ, ಬೆಚ್ಚಗಿದೆ ಅನ್ನಿಸುತ್ತದೆ.

ವ್ಯತ್ಯಾಸ ಶುರುವಾಗುವುದು ಯೀಸ್ಟ್‌ನಿಂದ. ಲಾಗರ್ ಯೀಸ್ಟ್ ತಂಪಿನಲ್ಲಿ, ಸುಮಾರು 8ರಿಂದ 13 ಡಿಗ್ರಿಯಲ್ಲಿ ನಿಧಾನವಾಗಿ ಕೆಲಸ ಮಾಡುತ್ತದೆ. ತನ್ನ ಗುರುತು ಹೆಚ್ಚಾಗಿ ಬಿಡುವುದಿಲ್ಲ. ಏಲ್ ಯೀಸ್ಟ್ 18ರಿಂದ 22 ಡಿಗ್ರಿಯಲ್ಲಿ ಚುರುಕಾಗಿ ಹುದುಗಿಸುತ್ತದೆ. ಆಗ ಎಸ್ಟರ್ ಎಂಬ ಹಣ್ಣಿನ ವಾಸನೆಯ ಪದಾರ್ಥಗಳು ಹುಟ್ಟುತ್ತವೆ. ಬಾಳೆಹಣ್ಣು, ಪೇರ್ ಹಣ್ಣು (ಮರಸೇಬು), ಕಿತ್ತಳೆ ಮಾರ್ಮಲೇಡ್ ಇವೆಲ್ಲ ಏಲ್‌ನಲ್ಲಿ ಮೂಗಿಗೆ ಸಿಗುವುದು ಬಹುಪಾಲು ಯೀಸ್ಟ್‌ನ ಕೆಲಸ. ಇದನ್ನೆಲ್ಲ ಮೂಗು ಹಿಡಿಯಬೇಕಾದರೆ ಬಿಯರ್ ಮಂಜಿನಷ್ಟು ತಣ್ಣಗಿರಬಾರದು.

ಪಬ್ಬಿನ ನೆಲಮಾಳಿಗೆಯಲ್ಲಿ ಪೀಪಾಯಿ ಏಲ್ ಇಡುವುದು 11ರಿಂದ 13 ಡಿಗ್ರಿಯಲ್ಲಿ. ಮನೆಯ ಫ್ರಿಜ್ ಒಳಗೆ 4–5 ಡಿಗ್ರಿ ಇರುತ್ತದೆ. ಬಾಟಲಿಯನ್ನು ಮುಕ್ಕಾಲು ಗಂಟೆ ಮುಂಚೆ ಹೊರಗೆ ಇಟ್ಟರೆ ಸರಿಹೋಗುತ್ತದೆ. ಸ್ಟ್ರಾಂಗ್ ಏಲ್, ಸ್ಟೌಟ್ ಎಂಬ ಹುರಿದ ರುಚಿಯ ಕಪ್ಪು ಬಿಯರ್ ಇನ್ನೂ ಒಂದೆರಡು ಡಿಗ್ರಿ ಜಾಸ್ತಿ ಇದ್ದರೂ ಚೆನ್ನ. ಚಳಿಗಾಲದಲ್ಲಿ ಹೀಟರ್ ಇಲ್ಲದ ಕೋಣೆಯ ಮೂಲೆಯೇ ಸಾಕು.

ಅಂಗಡಿಯಲ್ಲಿ ಏನು ಓದಬೇಕು

ಬಾಟಲಿ ಕೈಗೆತ್ತಿಕೊಂಡಾಗ ಚಿತ್ರ ಬಿಟ್ಟು ಸಣ್ಣ ಅಕ್ಷರ ಓದಿ. ಮೊದಲು ಹುಡುಕಬೇಕಾದದ್ದು ‘ಬಾಟಲ್ ಕಂಡಿಷನ್ಡ್’ ಎಂಬ ಮಾತು. ಬಾಟಲಿಯ ಒಳಗೆ ಜೀವಂತ ಯೀಸ್ಟ್ ಇದೆ, ಬಿಯರ್ ಇನ್ನೂ ನಿಧಾನವಾಗಿ ಹುದುಗುತ್ತಿದೆ ಎಂದು ಇದರ ಅರ್ಥ. ಉಳಿದ ಹೆಚ್ಚಿನ ಬಾಟಲಿಗಳನ್ನು ಸೋಸಿ, ಬಿಸಿ ಮಾಡಿ ಯೀಸ್ಟ್ ಕೊಂದು, ಗ್ಯಾಸ್ ತುಂಬಿರುತ್ತಾರೆ.

1971ರಲ್ಲಿ ಕ್ಯಾಮ್ರಾ, ಅಂದರೆ ನಿಜವಾದ ಏಲ್ ಉಳಿಸಲು ಬಳಕೆದಾರರು ಕಟ್ಟಿದ ಸಂಘ, ಶುರುವಾದಾಗ ಇಂಥ ಜೀವಂತ ಬಾಟಲಿಗಳು ಬ್ರಿಟನ್ನಿನಲ್ಲಿ ಬೆರಳೆಣಿಕೆಯಷ್ಟು ಮಾತ್ರ ಉಳಿದಿದ್ದವು. ಬರ್ಟನ್ ಆನ್ ಟ್ರೆಂಟ್ ಊರಿಗೆ ಹೆಸರು ತಂದ ವರ್ದಿಂಗ್ಟನ್ಸ್ ವೈಟ್ ಶೀಲ್ಡ್ ಅವುಗಳಲ್ಲಿ ಒಂದು. ಆಮೇಲೆ ಪದ್ಧತಿ ಚೇತರಿಸಿಕೊಂಡಿತು. ಫುಲ್ಲರ್ಸ್ 1845, ಯಂಗ್ಸ್ ಸ್ಪೆಷಲ್ ಲಂಡನ್ ಏಲ್, ಹಾಪ್ ಬ್ಯಾಕ್ ಸಮ್ಮರ್ ಲೈಟ್ನಿಂಗ್ ಇದಕ್ಕೆ ಒಳ್ಳೆಯ ಉದಾಹರಣೆಗಳು.

ಎರಡನೆಯದು ಗಾಜಿನ ಬಣ್ಣ. ಬಿಯರ್‌ಗೆ ಕಹಿ, ಪರಿಮಳ ಕೊಡಲು ಹಾಕುವ ಹಾಪ್ಸ್ ಎಂಬ ಬಳ್ಳಿಯ ಹೂವಿನಿಂದ ಬಂದ ಕಹಿ ಪದಾರ್ಥಗಳು ಬೆಳಕು ಬಿದ್ದರೆ ಒಡೆಯುತ್ತವೆ. ಬಿಯರ್‌ನಲ್ಲೇ ಇರುವ ಗಂಧಕದ ಅಂಶದ ಜೊತೆ ಸೇರಿ ಒಂದು ಕೆಟ್ಟ ವಾಸನೆ ಹುಟ್ಟುತ್ತದೆ. ಇಂಗ್ಲಿಷರು ಅದನ್ನು ಸ್ಕಂಕ್ ಎಂಬ ಪ್ರಾಣಿಯ ವಾಸನೆಗೆ ಹೋಲಿಸುತ್ತಾರೆ. ನಾವ್ಯಾರೂ ಆ ಪ್ರಾಣಿ ನೋಡಿಲ್ಲ. ಸುಟ್ಟ ರಬ್ಬರ್, ಹಳಸಿದ ಕಾಫಿ ಪುಡಿ ಅಂದುಕೊಂಡರೆ ಹತ್ತಿರ ಬರುತ್ತದೆ. ಕಂದು ಗಾಜು ಇದನ್ನು ಚೆನ್ನಾಗಿ ತಡೆಯುತ್ತದೆ, ಹಸಿರು ಗಾಜು ಅಷ್ಟಾಗಿ ಇಲ್ಲ, ಬಿಳಿ ಗಾಜು ಬಹುತೇಕ ಇಲ್ಲವೇ ಇಲ್ಲ. ಆದರೂ ಬಿಯರ್‌ನ ಬಣ್ಣ ಕಾಣಲಿ ಎಂದು ನ್ಯೂಕಾಸಲ್ ಬ್ರೌನ್, ಓಲ್ಡ್ ಸ್ಪೆಕಲ್ಡ್ ಹೆನ್ ಮುಂತಾದವು ಬಿಳಿ ಗಾಜಿನಲ್ಲಿ ಬರುತ್ತವೆ. ಅಂಥವನ್ನು ಕೊಳ್ಳುವಾಗ ಟ್ಯೂಬ್‌ಲೈಟ್ ಹತ್ತಿರದ ಮುಂದಿನ ಸಾಲು ಬಿಟ್ಟು ಹಿಂದಿನ ಬಾಟಲಿ ತೆಗೆಯಿರಿ, ಅಥವಾ ಮುಚ್ಚಿದ ಪೆಟ್ಟಿಗೆ ಕೊಳ್ಳಿ.

ಮೂರನೆಯದು ದಿನಾಂಕ. ಶೇ 5ಕ್ಕಿಂತ ಕಡಿಮೆ ಇರುವ, ಹಾಪ್ಸ್ ಪರಿಮಳದ ಬಿಯರ್ ತಾಜಾ ಇದ್ದಷ್ಟೂ ಒಳ್ಳೆಯದು. ಸ್ಟ್ರಾಂಗ್ ಬಿಯರ್‌ಗಳ ಕತೆ ಬೇರೆ. ಲಂಡನ್ನಿನ ಫುಲ್ಲರ್ಸ್ ಬ್ರೂವರಿಯವರು 1997ರಿಂದ ವರ್ಷಕ್ಕೊಂದು ಬಾರಿ ಮಾಡುವ ಶೇ 8.5ರ ವಿಂಟೇಜ್ ಏಲ್, ಡಾರ್ಚೆಸ್ಟರ್‌ನಲ್ಲಿ 1968ರಲ್ಲಿ ಹುಟ್ಟಿದ ಥಾಮಸ್ ಹಾರ್ಡೀಸ್ ಏಲ್ ಇವೆಲ್ಲ ವರ್ಷಗಟ್ಟಲೆ ಇಟ್ಟು ಕುಡಿಯಲೆಂದೇ ಮಾಡಿದವು.

ಆಲ್ಕೋಹಾಲ್ ಪ್ರಮಾಣವನ್ನು ನೆನಪಿನಿಂದ ಬರೆಯಬೇಡಿ, ಲೇಬಲ್ ನೋಡಿಯೇ ಬರೆಯಿರಿ. ಫುಲ್ಲರ್ಸ್‌ನ ಲಂಡನ್ ಪ್ರೈಡ್ ಪಬ್ಬಿನಲ್ಲಿ ಶೇ 4.1, ಬಾಟಲಿಯಲ್ಲಿ 4.7. ಹೆಸರು ಒಂದೇ ಆದರೂ ಬಿಯರ್ ಒಂದೇ ಅಲ್ಲ. 2023ರ ಆಗಸ್ಟ್‌ನಲ್ಲಿ ತೆರಿಗೆ ಪದ್ಧತಿ ಬದಲಾದ ಮೇಲೆ ಹಲವು ಬ್ರೂವರಿಗಳು ತಮ್ಮ ಬಾಟಲಿಗಳ ಶಕ್ತಿಯನ್ನು ಸ್ವಲ್ಪ ಇಳಿಸಿವೆ. ಹಳೆಯ ಅಂಕವನ್ನು ಹೊಸ ಬಾಟಲಿಗೆ ಹೋಲಿಸುವಾಗ ಇದು ಗೊತ್ತಿರಬೇಕು.

ಕೋಣೆ, ಲೋಟ, ಸುರಿಯುವುದು

ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿದ ಸಂಜೆ ಏಲ್ ರುಚಿ ನೋಡಬೇಡಿ. ಇಂಗು, ಬೆಳ್ಳುಳ್ಳಿ, ಕರಿಬೇವು ಸಿಡಿದ ಮನೆಯಲ್ಲಿ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಹಾಪ್ಸ್ ಯಾರ ಮೂಗಿಗೂ ಸಿಗುವುದಿಲ್ಲ. ಖಾರದ ಊಟ ಆಮೇಲೆ ಇರಲಿ. ಮಧ್ಯೆ ಬಾಯಿ ತೊಳೆಯಲು ನೀರು, ಉಪ್ಪಿಲ್ಲದ ಬ್ರೆಡ್ ಚೂರು ಸಾಕು. ಅಗರಬತ್ತಿ, ಸೆಂಟು ಬೇಡ.

ಲೋಟ ಬಾಯಿ ಕಿರಿದಾಗಿರುವ ವೈನ್ ಗ್ಲಾಸ್ ಆದರೆ ವಾಸನೆ ನಿಲ್ಲುತ್ತದೆ. ಸೋಪು ಪೂರ್ತಿ ಹೋಗುವಂತೆ ಬಿಸಿನೀರಿನಲ್ಲಿ ತೊಳೆದಿರಬೇಕು. ಜಿಡ್ಡು, ಸೋಪು ಉಳಿದರೆ ನೊರೆ ನಿಲ್ಲುವುದಿಲ್ಲ, ಗುಳ್ಳೆಗಳು ಗಾಜಿನ ಗೋಡೆಗೆ ಅಂಟಿಕೊಳ್ಳುತ್ತವೆ. ಹಾಗೆ ಅಂಟಿದ್ದು ಕಂಡರೆ ಬಿಯರ್‌ಗೆ ಅಂಕ ಕಡಿಮೆ ಮಾಡಬೇಡಿ, ಲೋಟ ಬದಲಿಸಿ.

ಬಾಟಲ್ ಕಂಡಿಷನ್ಡ್ ಏಲ್ ಸುರಿಯುವುದು ಒಂದು ಕೆಲಸವೇ. ಬಾಟಲಿಯನ್ನು ಹಿಂದಿನ ದಿನದಿಂದ ನೆಟ್ಟಗೆ ನಿಲ್ಲಿಸಿ, ಯೀಸ್ಟ್ ತಳಕ್ಕೆ ಇಳಿಯಲಿ. ಒಬ್ಬರಿಗೇ ಆದರೆ ಒಂದೇ ಸಲ ನಿಧಾನವಾಗಿ ಸುರಿದು ತಳದ ಒಂದು ಸೆಂಟಿಮೀಟರ್ ಬಿಟ್ಟರಾಯಿತು. ನಾಲ್ಕು ಜನಕ್ಕೆ ಹಂಚುವಾಗಲೇ ಕಷ್ಟ. ಪ್ರತಿ ಲೋಟಕ್ಕೂ ಬಾಟಲಿ ಬಗ್ಗಿಸಿ ಎತ್ತುತ್ತಾ ಹೋದರೆ ತಳದ ಯೀಸ್ಟ್ ಕದಡುತ್ತದೆ. ಮೊದಲನೆಯವರಿಗೆ ತಿಳಿ, ಕೊನೆಯವರಿಗೆ ಮಂಕು. ಇಬ್ಬರೂ ಬೇರೆ ಬೇರೆ ಬಿಯರ್ ಕುಡಿದು ಒಂದೇ ಹೆಸರಿಗೆ ಅಂಕ ಕೊಟ್ಟ ಹಾಗಾಗುತ್ತದೆ. ಅದಕ್ಕೆ ಪೂರ್ತಿ ಬಾಟಲಿಯನ್ನು ಒಂದೇ ಓಟದಲ್ಲಿ ಗಾಜಿನ ಜಗ್ಗಿಗೆ ಸುರಿದುಕೊಳ್ಳಿ, ತಳ ಬಿಡಿ, ಜಗ್ಗಿನಿಂದ ಲೋಟಗಳಿಗೆ ಹಂಚಿ. ಸ್ವಲ್ಪ ಗ್ಯಾಸ್ ಹೋಗುತ್ತದೆ. ಆದರೆ ಎಲ್ಲರಿಗೂ ಒಂದೇ ಬಿಯರ್ ಸಿಗುತ್ತದೆ, ಅದು ಮುಖ್ಯ.

ಎಷ್ಟು ಬಾಟಲಿ ತೆರೆಯಬೇಕು? ಇಲ್ಲಿ ಲೆಕ್ಕ ಹಾಕುವುದು ಸುಲಭ. ಬ್ರಿಟನ್ನಿನಲ್ಲಿ ಒಂದು ಯೂನಿಟ್ ಅಂದರೆ 10 ಮಿ.ಲೀ. ಶುದ್ಧ ಆಲ್ಕೋಹಾಲ್. 500 ಮಿ.ಲೀ. ಬಾಟಲಿ ಶೇ 5 ಇದ್ದರೆ 25 ಮಿ.ಲೀ., ಅಂದರೆ ಎರಡೂವರೆ ಯೂನಿಟ್. ನಾಲ್ಕು ಜನ ಐದು ಬಾಟಲಿ ಹಂಚಿಕೊಂಡರೆ ತಲಾ 625 ಮಿ.ಲೀ., ಸುಮಾರು 3.1 ಯೂನಿಟ್. ವಾರಕ್ಕೆ 14 ಯೂನಿಟ್ ದಾಟಬೇಡಿ ಎಂದು ಇಲ್ಲಿನ ಆರೋಗ್ಯ ಅಧಿಕಾರಿಗಳು ಹೇಳುತ್ತಾರೆ. ಐದು ಬಾಟಲಿಯೇ ಮಿತಿ ಅಂತ ಇಟ್ಟುಕೊಳ್ಳಿ. ಅದಕ್ಕಿಂತ ಜಾಸ್ತಿ ಆದರೆ ದೇಹಕ್ಕೂ ಒಳ್ಳೆಯದಲ್ಲ, ಅಂಕಕ್ಕೂ ಬೆಲೆ ಇರುವುದಿಲ್ಲ. ಕಾರು ಓಡಿಸುವವರು ಅವತ್ತು ಬರೆದುಕೊಳ್ಳುವ ಕೆಲಸ ಮಾಡಲಿ.

ಮೂಗು, ಬಾಯಿ, ಮತ್ತೆ ಮೂಗು

ಸುರಿದ ತಕ್ಷಣ ಮೂಸಿ ನೋಡಿ. ಕೆಲವು ವಾಸನೆಗಳು ಒಂದು ನಿಮಿಷದಲ್ಲಿ ಹಾರಿಹೋಗುತ್ತವೆ. ಬರ್ಟನ್ ಊರಿನ ಏಲ್‌ಗಳಲ್ಲಿ ಬೆಂಕಿಕಡ್ಡಿ ಗೀರಿದ ಹಾಗೆ ಒಂದು ಕ್ಷಣ ಬರುವ ಗಂಧಕದ ವಾಸನೆ ಅಂಥದ್ದು. ಆ ಊರಿನ ಬಾವಿ ನೀರಿನಲ್ಲಿ ಜಿಪ್ಸಮ್ ಹೇರಳವಾಗಿದೆ. ಅದರಿಂದ ಹಾಪ್ಸ್ ಕಹಿ ಚೊಕ್ಕಟವಾಗಿ, ಒಣಗಿದಂತೆ ನಾಲಿಗೆಗೆ ಬರುತ್ತದೆ. 1820ರ ದಶಕದಲ್ಲಿ ಭಾರತಕ್ಕೆ ಹೋಗುತ್ತಿದ್ದ ತಿಳಿ ಬಣ್ಣದ, ಹಾಪ್ಸ್ ಜಾಸ್ತಿ ಹಾಕಿದ ಏಲ್ ಮಾಡುವುದರಲ್ಲಿ ಲಂಡನ್ನಿನ ಹಾಡ್ಜ್‌ಸನ್ ಬ್ರೂವರಿಯನ್ನು ಬರ್ಟನ್ನಿನವರು ಹಿಂದೆ ಹಾಕಿದ್ದಕ್ಕೆ ಈ ನೀರೂ ಒಂದು ಕಾರಣ. ಇಂದಿಗೂ ಬೇರೆ ಊರಿನ ಬ್ರೂವರಿಗಳು ತಮ್ಮ ನೀರಿಗೆ ಜಿಪ್ಸಮ್ ಬೆರೆಸುತ್ತವೆ.

ಆಮೇಲೆ ಒಂದು ಗುಟುಕು ಬಾಯಿಗೆ ಹಾಕಿ, ಎಲ್ಲ ಕಡೆ ಓಡಾಡಿಸಿ, ನುಂಗಿ. ನುಂಗಿದ ಮೇಲೆ ಬಾಯಿ ಮುಚ್ಚಿ ಮೂಗಿನಿಂದ ಉಸಿರು ಬಿಡಿ. ನಾವು ರುಚಿ ಅನ್ನುವುದರಲ್ಲಿ ದೊಡ್ಡ ಪಾಲು ಗಂಟಲ ಹಿಂದಿನಿಂದ ಮೂಗಿಗೆ ಏರುವ ವಾಸನೆ. ನಂಬಿಕೆ ಬರದಿದ್ದರೆ ಮೂಗು ಹಿಡಿದುಕೊಂಡು ಒಂದು ಗುಟುಕು ಕುಡಿಯಿರಿ: ಕಹಿ, ಸಿಹಿ, ಹುಳಿ ಇಷ್ಟೇ ಉಳಿಯುತ್ತದೆ. ಮೂಗು ಬಿಟ್ಟ ಕೂಡಲೇ ಬಿಸ್ಕತ್ತು, ಕಿತ್ತಳೆ ಎಲ್ಲ ಒಟ್ಟಿಗೆ ಬರುತ್ತವೆ. ಕಹಿ ನಾಲಿಗೆಯ ಹಿಂಭಾಗದಲ್ಲಿ ಮಾತ್ರ ತಿಳಿಯುತ್ತದೆ ಎಂಬ ಹಳೆಯ ಶಾಲಾ ಚಿತ್ರ ತಪ್ಪು. ಆದರೂ ಬಿಯರ್‌ನ ಕಹಿ ನುಂಗಿದ ಮೇಲೆ ಬೆಳೆಯುತ್ತಾ ಹೋಗುತ್ತದೆ, ಅದಕ್ಕೇ ಏಲ್ ಪರೀಕ್ಷಕರು ಉಗುಳುವುದಿಲ್ಲ.

ಹೆಸರು ಹಚ್ಚುವಾಗ ಇಂಗ್ಲಿಷ್ ಪಟ್ಟಿಯ ಪದಗಳನ್ನು ಬಾಯಿಪಾಠ ಮಾಡುವುದು ಬೇಡ. ನಿಮಗೆ ಗೊತ್ತಿರುವ ಪದಾರ್ಥ ಬರೆಯಿರಿ. ಜೋನಿ ಬೆಲ್ಲ, ಒಣದ್ರಾಕ್ಷಿ, ಹುರಿಗಡಲೆ, ರಸ್ಕ್, ಕಿತ್ತಳೆ ಸಿಪ್ಪೆ, ಒಣಹುಲ್ಲು, ಅಡಿಕೆಯ ಒಗರು. ಗುಂಪಿನಲ್ಲಿ ಎಲ್ಲರೂ ತಿಂದಿರುವ ವಸ್ತು ಆದರೆ ಸಾಕು, ಮಾತು ಸಾಗುತ್ತದೆ.

ಯಾವ ರುಚಿ ಎಲ್ಲಿಂದ ಬಂತು ಅನ್ನುವುದು ಕಲಿಕೆಯ ಅರ್ಧ ಭಾಗ. ಬಿಸ್ಕತ್ತು, ಬ್ರೆಡ್ ಹೊರಪದರ, ಕಾಯಿಬೀಜದ ರುಚಿ ಬಂದರೆ ಅದು ಮಾಲ್ಟ್, ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಕೇಂಬ್ರಿಜ್‌ನಲ್ಲಿ 1960ರ ದಶಕದಲ್ಲಿ ಬೆಳೆಸಿದ ಮಾರಿಸ್ ಆಟರ್ ತಳಿಯನ್ನು ಬ್ರೂವರಿಗಳು ಇಂದಿಗೂ ಬಿಡದಿರುವುದು ಈ ರುಚಿಗಾಗಿ. ಬೆಲ್ಲ, ಕ್ಯಾರಮೆಲ್, ಒಣದ್ರಾಕ್ಷಿ ಬಂದರೆ ಕ್ರಿಸ್ಟಲ್ ಮಾಲ್ಟ್. ಕಾಫಿ, ಕೋಕೋ ಬಂದರೆ ಕಪ್ಪಗೆ ಹುರಿದ ಮಾಲ್ಟ್. ಚಾಕೊಲೇಟ್ ಮಾಲ್ಟ್ ಅಂತ ಲೇಬಲ್ ಮೇಲೆ ಇದ್ದರೆ ಅದರಲ್ಲಿ ಚಾಕೊಲೇಟ್ ಇರುವುದಿಲ್ಲ, ಹುರಿದ ಬಣ್ಣಕ್ಕೆ ಆ ಹೆಸರು.

ಹಾಪ್ಸ್‌ನಲ್ಲಿ ಎರಡು ತಳಿ ಮೊದಲು ಕಲಿಯಿರಿ. ಫಗಲ್ ಮಣ್ಣು, ಮರ, ಒದ್ದೆ ಎಲೆಯ ಕಡೆಗೆ. ಈಸ್ಟ್ ಕೆಂಟ್ ಗೋಲ್ಡಿಂಗ್ಸ್ ಜೇನು, ಹೂವು, ತೆಳು ಮಸಾಲೆಯ ಕಡೆಗೆ. ಅಮೆರಿಕದ ಹಾಪ್ಸ್‌ನಂತೆ ಚಕ್ಕೋತ, ಮಾವಿನ ವಾಸನೆ ಇವು ಚೆಲ್ಲುವುದಿಲ್ಲ. ಯಾರ್ಕ್‌ಶೈರಿನ ಕೀತ್ಲಿ ಊರಿನ ಟಿಮತಿ ಟೇಲರ್ಸ್ ಲ್ಯಾಂಡ್‌ಲಾರ್ಡ್ ಕುಡಿದರೆ ಸ್ಟೈರಿಯನ್ ಗೋಲ್ಡಿಂಗ್ಸ್ ಎಂಬ ಸ್ಲೊವೇನಿಯಾದ ಹಾಪ್ಸ್ ಸಿಗುತ್ತದೆ. ಹೆಸರು ಗೋಲ್ಡಿಂಗ್ಸ್ ಆದರೂ ಅದು ಮೂಲದಲ್ಲಿ ಅಲ್ಲಿಗೆ ಹೋದ ಇಂಗ್ಲಿಷ್ ಫಗಲ್ ಬಳ್ಳಿಯೇ! ಗೋಲ್ಡನ್ ಪ್ರಾಮಿಸ್ ಎಂಬ ಸ್ಕಾಟಿಷ್ ಬಾರ್ಲಿಯ ಸಿಹಿಯ ಮೇಲೆ ಆ ಹಾಪ್ಸ್ ಕೂತಾಗ ಆಗುವ ರುಚಿಗೆ ನನ್ನ ಮಟ್ಟಿಗೆ ಸಾಟಿ ಇಲ್ಲ. ಬ್ರಿಟನ್ನಿನ ಅತ್ಯುತ್ತಮ ಬಿಯರ್ ಎಂಬ ಕ್ಯಾಮ್ರಾ ಪ್ರಶಸ್ತಿ ಅದಕ್ಕೆ ನಾಲ್ಕು ಸಲ ಬಂದಿದೆ.

ತಪ್ಪು ವಾಸನೆಗಳನ್ನು ಬೇರೆಯಾಗಿ ಕಲಿಯಬೇಕು. ಬೆಣ್ಣೆ, ಬಟರ್‌ಸ್ಕಾಚ್ ವಾಸನೆ ಡೈಅಸಿಟೈಲ್ ಎಂಬ ಪದಾರ್ಥದ್ದು. ಲಾಗರ್‌ನಲ್ಲಿ ಅದು ದೋಷ. ಇಂಗ್ಲಿಷ್ ಬಿಟರ್‌ನಲ್ಲಿ ಎಳೆಯಷ್ಟು ಇದ್ದರೆ ಒಪ್ಪುತ್ತಾರೆ. ಯಾರ್ಕ್‌ಶೈರಿನ ಚೌಕಾಕಾರದ ಕಲ್ಲಿನ ತೊಟ್ಟಿಗಳಲ್ಲಿ ಹುದುಗಿಸುವ ಟ್ಯಾಡ್‌ಕ್ಯಾಸ್ಟರ್‌ನ ಸ್ಯಾಮ್ಯುಯೆಲ್ ಸ್ಮಿತ್ ಏಲ್‌ಗಳಲ್ಲಿ ಅದು ಗುಣವೆಂದೇ ಲೆಕ್ಕ. ಒದ್ದೆ ರಟ್ಟಿನ ವಾಸನೆ ಬಂದರೆ ಗಾಳಿ ತಾಗಿ ಹಳೆಯದಾಗಿದೆ. ಬೇಯಿಸಿದ ಎಲೆಕೋಸು, ಮೆಕ್ಕೆಜೋಳ ಬಂದರೆ ಗಂಧಕದ ಇನ್ನೊಂದು ಸಂಯುಕ್ತ. ವಿನಿಗರ್ ಹುಳಿ ಬಂದರೆ ಬ್ಯಾಕ್ಟೀರಿಯಾ ಸೇರಿದೆ, ಚೆಲ್ಲಿಬಿಡಿ.

ಇದನ್ನು ಕಲಿಯಲು ಒಂದು ಸುಲಭ ಪ್ರಯೋಗ ಇದೆ. ಬಿಳಿ ಗಾಜಿನ ಒಂದೇ ಬಿಯರ್‌ನ ಎರಡು ಬಾಟಲಿ ತನ್ನಿ. ಒಂದನ್ನು ಕಪಾಟಿನ ಕತ್ತಲಲ್ಲಿ ಇಡಿ, ಇನ್ನೊಂದನ್ನು ಬಿಸಿಲು ಬೀಳುವ ಕಿಟಕಿಯಲ್ಲಿ ಒಂದೆರಡು ಗಂಟೆ ಇಡಿ. ಎರಡನ್ನೂ ಒಂದೇ ಉಷ್ಣತೆಗೆ ತಂದು ಪಕ್ಕಪಕ್ಕ ಮೂಸಿ. ಒಮ್ಮೆ ಮೂಸಿದರೆ ಆ ವಾಸನೆ ಜೀವನಪೂರ್ತಿ ಮರೆಯುವುದಿಲ್ಲ. ರಟ್ಟಿಗೂ ಹೀಗೇ: ಪೆಟ್ಟಿಗೆಯ ಚೂರನ್ನು ಬೆಚ್ಚನೆಯ ನೀರಿನಲ್ಲಿ ನೆನೆಹಾಕಿ ಮೂಸಿ.

ಅಂಕ ಕೊಡುವುದು

ಲೇಬಲ್ ಎಷ್ಟು ಬಲವಾದದ್ದು ಅನ್ನುವುದಕ್ಕೆ ಬಾಸ್ ಕಂಪನಿಯ ಕೆಂಪು ತ್ರಿಕೋನ ಸಾಕ್ಷಿ. 1876ರ ಜನವರಿ 1ರಂದು ಬ್ರಿಟನ್ನಿನಲ್ಲಿ ನೋಂದಣಿಯಾದ ಮೊದಲ ಟ್ರೇಡ್‌ಮಾರ್ಕ್ ಅದೇ. 1882ರಲ್ಲಿ ಪ್ಯಾರಿಸ್ಸಿನ ಬಾರ್ ಒಂದನ್ನು ಚಿತ್ರಿಸಿದ ಮಾನೆ ಎಂಬ ಫ್ರೆಂಚ್ ಚಿತ್ರಕಾರ, ಕೌಂಟರ್ ಮೇಲೆ ಆ ತ್ರಿಕೋನದ ಬಾಟಲಿಗಳನ್ನೂ ಬರೆದಿದ್ದಾನೆ. ಇಂಥ ಗುರುತು ಕಣ್ಣಿಗೆ ಬಿದ್ದರೆ ನಾಲಿಗೆ ತನ್ನಷ್ಟಕ್ಕೆ ತಾನು ಕೆಲಸ ಮಾಡುವುದಿಲ್ಲ. ಹಾಗಾಗಿ ಬಾಟಲಿ ಅಡುಗೆಮನೆಯಲ್ಲೇ ಇರಲಿ. ಒಬ್ಬರು ಅಲ್ಲಿ ಸುರಿದು, ಲೋಟಕ್ಕೆ ‘ಅ’, ‘ಆ’ ಎಂದು ಚೀಟಿ ಅಂಟಿಸಿ ತರಲಿ. ಮುಂದಿನ ಬಾಟಲಿಗೆ ಇನ್ನೊಬ್ಬರು. ಯಾವ ಬಗೆಯ ಏಲ್ ಅನ್ನುವುದನ್ನು ಮಾತ್ರ ಹೇಳಿ. ಕಹಿ ಕಡಿಮೆ ಇರುವ ಮೈಲ್ಡ್ ಎಂಬ ಬಗೆಯ ಏಲ್ ಎಂದು ಗೊತ್ತಿಲ್ಲದೆ ಅದಕ್ಕೆ ಅಂಕ ಕೊಡುವುದು ನ್ಯಾಯವಲ್ಲ, ಅಲ್ವಾ?

ಕುಡಿಯುವ ಕ್ರಮವೂ ಮುಖ್ಯ. ಶಕ್ತಿ ಕಡಿಮೆಯದು ಮೊದಲು, ಕಹಿ ಜಾಸ್ತಿ ಇರುವುದು ಮತ್ತು ಕಪ್ಪನೆಯದು ಕೊನೆಗೆ. ಕಹಿ ನಾಲಿಗೆಯ ಮೇಲೆ ಉಳಿದು ಮುಂದಿನ ಲೋಟಕ್ಕೂ ದಾಟುತ್ತದೆ.

ಇನ್ನು ಬಹಳ ಮುಖ್ಯವಾದ ನಿಯಮ: ಎಲ್ಲರೂ ಬರೆದು ಮುಗಿಸುವ ತನಕ ಯಾರೂ ಬಾಯಿ ಬಿಡಬಾರದು. ‘ಬಾಳೆಹಣ್ಣು’ ಅಂತ ಒಬ್ಬರು ಅಂದರೆ ಸಾಕು, ಮಿಕ್ಕವರಿಗೂ ಬಾಳೆಹಣ್ಣೇ ಬರುತ್ತದೆ. ಮುಖದ ಹಾವಭಾವವನ್ನೂ ತಡೆದುಕೊಳ್ಳಿ. ಮಾತು ಆಮೇಲೆ ಎಷ್ಟು ಬೇಕಾದರೂ ಆಡಬಹುದು, ನಿಜವಾದ ಕಲಿಕೆ ಆಗುವುದು ಆ ಮಾತಿನಲ್ಲೇ. ಬರೆದ ಅಂಕ ಮಾತ್ರ ತಿದ್ದಬೇಡಿ.

ಹಾಳೆ ಹೇಗಿರಬೇಕು? ಅಮೆರಿಕದ ಬಿಜೆಸಿಪಿ ಎಂಬ ಬಿಯರ್ ತೀರ್ಪುಗಾರರ ಸಂಸ್ಥೆಯ ಹಾಳೆ 50 ಅಂಕದ್ದು. ವಾಸನೆಗೆ 12, ನೋಟಕ್ಕೆ 3, ರುಚಿಗೆ 20, ಬಾಯಿಗೆ ಆಗುವ ಅನುಭವಕ್ಕೆ 5, ಒಟ್ಟಾರೆ ಅನಿಸಿಕೆಗೆ 10. ನೋಟಕ್ಕೆ ಮೂರೇ ಅಂಕ ಇಟ್ಟದ್ದು ನನಗೆ ಸರಿ ಅನ್ನಿಸುತ್ತದೆ, ಹೊಸಬರು ಬಣ್ಣ ನೊರೆ ನೋಡಿ ಮರುಳಾಗುವುದು ಜಾಸ್ತಿ. ಕ್ಯಾಮ್ರಾ ಸದಸ್ಯರು ಪಬ್ಬುಗಳಲ್ಲಿ ಬಳಸುವ 0ಯಿಂದ 5ರ ಅಳತೆ ಬೇರೆ ಕೆಲಸದ್ದು. ಅದು ಬಿಯರ್ ನಮಗೆ ಇಷ್ಟವೇ ಎಂದು ಕೇಳುವುದಿಲ್ಲ. ಆ ಲೋಟದ ಬಿಯರ್ ಎಷ್ಟು ಒಳ್ಳೆಯ ಸ್ಥಿತಿಯಲ್ಲಿದೆ ಎಂದು ಕೇಳುತ್ತದೆ. ಮನೆಯ ಹಾಳೆಯಲ್ಲೂ ಈ ಎರಡು ಪ್ರಶ್ನೆ ಬೇರೆ ಬೇರೆ ಇರಬೇಕು: ಬಾಟಲಿ ಸರಿಯಾಗಿದೆಯೇ, ಬಿಯರ್ ಚೆನ್ನಾಗಿದೆಯೇ. ಬೆಳಕಿಗೆ ಕೆಟ್ಟ ಬಾಟಲಿಗೆ ಅಂಕವೇ ಬೇಡ, ‘ಬಾಟಲಿ ಕೆಟ್ಟಿದೆ’ ಎಂದು ಬರೆದು ಬಿಡಿ.

ಈಗ ಅಂಕಗಳ ನಂಬಿಕೆಯ ವಿಷಯ. ಐದು ಬಾಟಲಿಗಳಲ್ಲಿ ಒಂದನ್ನು, ಯಾರಿಗೂ ಹೇಳದೆ, ಎರಡು ಬೇರೆ ಬೇರೆ ಚೀಟಿಯಲ್ಲಿ ಎರಡು ಸಲ ಕೊಡಿ. ಒಬ್ಬರು ಅದೇ ಬಿಯರ್‌ಗೆ ಒಮ್ಮೆ 34, ಇನ್ನೊಮ್ಮೆ 30 ಕೊಟ್ಟರು ಅನ್ನಿ. ಹಾಗಾದರೆ ಅವರ ಹಾಳೆಯಲ್ಲಿ ಎರಡು ಬಿಯರ್‌ಗಳ ನಡುವೆ ಮೂರು ಅಂಕದ ವ್ಯತ್ಯಾಸಕ್ಕೆ ಅರ್ಥವೇ ಇಲ್ಲ. ಈ ಒಂದು ಪರೀಕ್ಷೆ ಎಲ್ಲ ಜಗಳಗಳನ್ನು ನಿಲ್ಲಿಸುತ್ತದೆ. ಕಡಿಮೆ ಮಾದರಿಗಳಿಂದ ಎಷ್ಟು ನಂಬಬಹುದು ಅನ್ನುವ ಲೆಕ್ಕಶಾಸ್ತ್ರ ಹುಟ್ಟಿದ್ದೂ ಬ್ರೂವರಿಯಲ್ಲೇ. ಡಬ್ಲಿನ್‌ನ ಗಿನ್ನೆಸ್‌ನಲ್ಲಿ ಕೆಲಸಕ್ಕಿದ್ದ ವಿಲಿಯಂ ಗಾಸೆಟ್ 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಪ್ರಕಟಿಸಿದ ಲೇಖನವನ್ನು ಇಂದು ಸಂಖ್ಯಾಶಾಸ್ತ್ರ ಓದುವ ಪ್ರತಿಯೊಬ್ಬರೂ ಕಲಿಯುತ್ತಾರೆ.

ಸರಾಸರಿ ತೆಗೆಯುವಾಗಲೂ ಹುಷಾರಾಗಿರಿ. ಒಬ್ಬರು ಎಲ್ಲಕ್ಕೂ 30ರಿಂದ 35ರ ಒಳಗೆ ಕೊಡುತ್ತಾರೆ, ಇನ್ನೊಬ್ಬರು 15ರಿಂದ 45ರ ತನಕ ಓಡಾಡುತ್ತಾರೆ. ಕೂಡಿಸಿ ಭಾಗಿಸಿದರೆ ಎರಡನೆಯವರ ಮಾತೇ ನಡೆಯುತ್ತದೆ. ಪ್ರತಿಯೊಬ್ಬರ ಅಂಕಗಳನ್ನು ಮೊದಲು 1, 2, 3 ಎಂದು ಸ್ಥಾನಕ್ಕೆ ಇಳಿಸಿ, ಸ್ಥಾನಗಳನ್ನು ಕೂಡಿಸಿದರೆ ಎಲ್ಲರ ತೂಕ ಸಮ ಆಗುತ್ತದೆ.

ಗುಟುಕಿನ ಅಂಕ, ಲೋಟದ ಅಂಕ

ಇಷ್ಟೆಲ್ಲ ಮಾಡಿದರೂ ಮೊದಲು ಹೇಳಿದ ತೊಡಕು ಹಾಗೇ ಉಳಿಯುತ್ತದೆ. ಕಣ್ಣು ಕಟ್ಟಿ ಕುಡಿದರೂ ಒಂದು ಗುಟುಕಿನಲ್ಲಿ ಶೇ 7ರ ಇಂಪೀರಿಯಲ್ ಸ್ಟೌಟ್ ಶೇ 4ರ ಬಿಟರನ್ನು ಸೋಲಿಸುತ್ತದೆ. ಹಬ್ಬದೂಟದಲ್ಲಿ ಎಲ್ಲದರಿಂದ ಒಂದೊಂದೇ ತುತ್ತು ತಿಂದು ಅಂಕ ಕೊಡಿ ಅಂದರೆ ಹೋಳಿಗೆ ಗೆಲ್ಲುತ್ತದೆ, ತಿಳಿಸಾರು ಸೋಲುತ್ತದೆ. ದಿನಾ ಬೇಕು ಅನ್ನಿಸುವುದು ಮಾತ್ರ ಸಾರು.

ಬ್ರಿಟಿಷ್ ಬಿಟರ್ ಹೀಗೆ ತೆಳುವಾಗಿ ಬೆಳೆದದ್ದಕ್ಕೆ ಇತಿಹಾಸ ಇದೆ. 1880ರಿಂದ 1993ರವರೆಗೆ ಇಲ್ಲಿ ಬಿಯರ್ ತೆರಿಗೆ ಹುದುಗುವ ಮುಂಚಿನ ಸಿಹಿದ್ರವದ ಸಾಂದ್ರತೆಯ ಮೇಲೆ ನಿಂತಿತ್ತು. ಮಾಲ್ಟ್ ಜಾಸ್ತಿ ಹಾಕಿದಷ್ಟೂ ತೆರಿಗೆ ಜಾಸ್ತಿ. ಮೊದಲ ಮಹಾಯುದ್ಧದಲ್ಲಿ ಧಾನ್ಯ ಉಳಿಸಲು ಸರ್ಕಾರ ಕಡಿವಾಣ ಹಾಕಿತು. ಯುದ್ಧಕ್ಕೆ ಮುಂಚೆ ಸರಾಸರಿ 1.050ರ (ನೀರಿನದು 1.000) ಮೇಲಿದ್ದ ಸಾಂದ್ರತೆ ಯುದ್ಧದ ಕೊನೆಗೆ 1.030ರ ಹತ್ತಿರಕ್ಕೆ ಬಿತ್ತು. ಆಮೇಲೆ ಸ್ವಲ್ಪ ಏರಿದರೂ ಹಿಂದಿನ ಮಟ್ಟಕ್ಕೆ ಹೋಗಲಿಲ್ಲ. ಹಾಗಾಗಿ ಇಲ್ಲಿನ ಬ್ರೂವರ್‌ಗಳು ಕಡಿಮೆ ಮಾಲ್ಟ್‌ನಲ್ಲಿ, ಕಡಿಮೆ ಆಲ್ಕೋಹಾಲ್‌ನಲ್ಲಿ, ಸಂಜೆಯಿಡೀ ಮಾತಾಡುತ್ತಾ ಕುಡಿದರೂ ಬೇಸರ ಬಾರದ ಬಿಯರ್ ಮಾಡುವುದನ್ನು ಕಲಿತರು. ಅದು ದೊಡ್ಡ ಕುಶಲತೆ. ತಪ್ಪು ಮುಚ್ಚಿಡಲು ಅದರಲ್ಲಿ ಸಿಹಿಯೂ ಇಲ್ಲ, ಹುರಿದ ವಾಸನೆಯೂ ಇಲ್ಲ.

568 ಮಿ.ಲೀ. ಪೈಂಟ್‌ಗೆಂದು ಮಾಡಿದ ಬಿಯರನ್ನು 50 ಮಿ.ಲೀ.ಯಲ್ಲಿ ಅಳೆಯುವುದು ಸರಿಯಲ್ಲ. ಅದಕ್ಕೆ ನಮ್ಮ ಹಾಳೆಯಲ್ಲಿ ಎರಡು ಅಂಕ ಇವೆ. ಮೊದಲನೆಯದು ಗುಟುಕಿನ ಅಂಕ, ಮೇಲೆ ಹೇಳಿದ 50ರದ್ದು. ಎರಡನೆಯದು ಲೋಟದ ಅಂಕ, 10ಕ್ಕೆ. ಇನ್ನೊಂದು ದಿನ, ಅದೇ ಬಿಯರ್‌ನ ಅರ್ಧ ಪೈಂಟ್, ಅಂದರೆ 284 ಮಿ.ಲೀ., ಅರ್ಧ ಗಂಟೆಯಲ್ಲಿ ಕುಡಿದು ಮುಗಿಸಿ, ಕೊನೆಯ ಗುಟುಕು ಆದ ಮೇಲೆ ಒಂದೇ ಪ್ರಶ್ನೆ: ಇನ್ನೊಂದು ಬೇಕು ಅನ್ನಿಸುತ್ತದೆಯೇ? ಹೊಟ್ಟೆ ಭಾರ ಆಯಿತೇ, ಸಿಹಿ ಅಂಟಿತೇ, ಕಹಿ ಬೇಸರ ತಂದಿತೇ, ಬೆಚ್ಚಗಾದಂತೆ ಹೊಸ ರುಚಿ ಬಂತೇ ಅನ್ನುವುದನ್ನು ಪಕ್ಕದಲ್ಲಿ ಬರೆಯಿರಿ.

ನಮ್ಮ ಹಾಳೆಗಳಲ್ಲಿ ಇದರಿಂದ ಪಟ್ಟಿ ಬಹಳ ಬದಲಾಗಿದೆ. ಮೊದಲ ಗುಟುಕಿಗೆ ಬೆರಗಾಗಿಸಿದ ಕ್ಯಾರಮೆಲ್ ಸಿಹಿಯ ಏಲ್‌ಗಳು ಅರ್ಧ ಲೋಟದ ಹೊತ್ತಿಗೆ ಸಾಕೆನಿಸುತ್ತವೆ. ಒಣ ಮುಕ್ತಾಯದ ಬಿಟರ್‌ಗಳು ಮೇಲೇರುತ್ತವೆ. ಎರಡೂ ಅಂಕಗಳಲ್ಲಿ ಮೇಲೆ ನಿಂತವು ಕೆಲವೇ. ಫುಲ್ಲರ್ಸ್ ಇಎಸ್‌ಬಿ ಶೇ 5.9 ಇದ್ದೂ ಎರಡರಲ್ಲೂ ನಿಲ್ಲುತ್ತದೆ, ಅದರ ಮಾರ್ಮಲೇಡ್ ರುಚಿಯ ಹಿಂದೆ ಸಾಕಷ್ಟು ಕಹಿ ಇರುವುದೇ ಕಾರಣ ಎಂದು ನನ್ನ ಲೆಕ್ಕ. ಎರಡು ಅಂಕಗಳನ್ನು ಕೂಡಿಸಬೇಡಿ. ಪಕ್ಕಪಕ್ಕ ಇಡಿ, ಅಂತರವನ್ನೇ ಓದಿ. ಬಾರ್ಲಿ ವೈನ್ ಎಂಬ ತುಂಬಾ ಸ್ಟ್ರಾಂಗ್ ಏಲ್‌ಗೆ ಲೋಟದ ಅಂಕ ಕೇಳುವುದೇ ತಪ್ಪು, ಅದು ಸಣ್ಣ ಗ್ಲಾಸಿನ ಪಾನೀಯ. ಅಲ್ಲಿ ಆ ಜಾಗ ಖಾಲಿ ಬಿಡಿ.

ಮೊದಲ ಸಂಜೆಗೆ ಐದು ಬಾಟಲಿ

ಶುರು ಮಾಡುವವರಿಗೆ ನನ್ನ ಸಲಹೆ ಹೀಗೆ. ಲ್ಯಾಂಡ್‌ಲಾರ್ಡ್ ಮೊದಲು. ಆಮೇಲೆ ಲಂಡನ್ ಪ್ರೈಡ್, ಉತ್ತರದ ಮತ್ತು ದಕ್ಷಿಣದ ಬಿಟರ್ ಹೇಗೆ ಬೇರೆ ಎಂದು ತಿಳಿಯಲು. ಮೂರನೆಯದು ಸಮ್ಮರ್ ಲೈಟ್ನಿಂಗ್, 1980ರ ದಶಕದ ಕೊನೆಯಲ್ಲಿ ಹೊಂಬಣ್ಣದ ಏಲ್ ಎಂಬ ಹೊಸ ಬಗೆಗೆ ದಾರಿ ತೆರೆದ ಬಿಯರ್. ನಾಲ್ಕನೆಯದು ಸ್ಯಾಮ್ಯುಯೆಲ್ ಸ್ಮಿತ್‌ನ ಟ್ಯಾಡಿ ಪೋರ್ಟರ್ ಎಂಬ ಕಪ್ಪು ಬಿಯರ್. ಕೊನೆಗೆ ಫುಲ್ಲರ್ಸ್ 1845.

ಈ ಐದು ಪರಿಚಯ ಆದ ಮೇಲೆ ಇನ್ನೊಂದು ಸಂಜೆ ತ್ರಿಕೋನ ಪರೀಕ್ಷೆ ಮಾಡಿ. ಒಬ್ಬೊಬ್ಬರಿಗೆ ಮೂರು ಲೋಟ, ಎರಡರಲ್ಲಿ ಲ್ಯಾಂಡ್‌ಲಾರ್ಡ್, ಒಂದರಲ್ಲಿ ಮಾಶಮ್ ಊರಿನ ಬ್ಲ್ಯಾಕ್ ಶೀಪ್. ಬಣ್ಣ ನೋಡಿ ಗುರುತಿಸದಂತೆ ಊರಿಂದ ತಂದ ಸ್ಟೀಲ್ ಲೋಟ ಬಳಸಿ, ದೀಪ ಸ್ವಲ್ಪ ಮಂದ ಇರಲಿ. ಬೇರೆಯಾದದ್ದು ಯಾವುದು ಎಂದು ಹೇಳಬೇಕು. ಸುಮ್ನೆ ಊಹಿಸಿದರೂ ಮೂರರಲ್ಲಿ ಒಂದು ಸಲ ಸರಿಯಾಗುತ್ತದೆ. ನಾಲ್ಕು ಜನರಲ್ಲಿ ಕನಿಷ್ಠ ಮೂವರು ಊಹೆಯಿಂದಲೇ ಸರಿ ಹೇಳುವ ಸಾಧ್ಯತೆ ಒಂಬತ್ತರಲ್ಲಿ ಒಂದು, ನಾಲ್ವರೂ ಸರಿ ಹೇಳುವುದು 81ರಲ್ಲಿ ಒಂದು. ನಾಲ್ವರೂ ಸರಿ ಹೇಳಿದರೆ ನಿಮ್ಮ ಗುಂಪು ಎರಡು ಯಾರ್ಕ್‌ಶೈರ್ ಬಿಟರ್‌ಗಳ ವ್ಯತ್ಯಾಸ ಹಿಡಿದಿದೆ ಎಂದು ಸಾಕಷ್ಟು ಧೈರ್ಯವಾಗಿ ನಂಬಬಹುದು. ಇಬ್ಬರೇ ಸರಿ ಹೇಳಿದರೆ ಆ ಎರಡು ಬಿಯರ್‌ಗಳ ಗುಟುಕಿನ ಅಂಕಗಳನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು, ಒಂದು ತಿಂಗಳು ಬಿಟ್ಟು ಮತ್ತೆ ಕೂರಿ.